ತೆಂಗೊ, ತೂವೆ, ತೆಂದ್ರೇ: ಒಂದು ಸ್ಪ್ಯಾನಿಷ್ ಕ್ರಿಯಾಪದ ನಾಲಿಗೆಗೆ ಹತ್ತಿದ್ದು

ಸ್ಪ್ಯಾನಿಷ್ ಕಲಿಯಲು ಹೊರಟ ಯಾರೂ ತೆನೇರ್ ಎಂಬ ಕ್ರಿಯಾಪದವನ್ನು ಬಿಟ್ಟು ಮುಂದೆ ಹೋಗಲಾರರು. ‘ಒಬ್ಬರ ಹತ್ತಿರ ಏನಾದರೂ ಇರುವುದು’ ಅನ್ನುವುದು ಅದರ ಮುಖ್ಯ ಅರ್ಥ. ಆದರೆ ಅದರ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ವಯಸ್ಸು ಹೇಳಬೇಕಾ, ತೆನೇರ್ ಬೇಕು. ಹಸಿವು, ಬಾಯಾರಿಕೆ, ಚಳಿ, ಸೆಕೆ, ನಿದ್ದೆ, ಹೆದರಿಕೆ, ಅವಸರ ಎಲ್ಲಕ್ಕೂ ಅದೇ. ‘ಹೋಗಲೇಬೇಕು’ ಅನ್ನುವುದಕ್ಕೂ ಅದೇ. ದಿನಕ್ಕೆ ಅಷ್ಟು ಸಲ ಬೇಕಾಗುವ ಪದವೇ ಒಂದೊಂದು ಕಾಲದಲ್ಲಿ ಒಂದೊಂದು ರೂಪ ತೊಡುತ್ತದೆ. ಜಾಸ್ತಿ ಬಳಸುವ ಪದಗಳೇ ಹೀಗೆ ಹಳೆಯ ಗಂಟುಗಳನ್ನು ಉಳಿಸಿಕೊಳ್ಳುತ್ತವೆ. ಜನ ಅಪರೂಪಕ್ಕೆ ಬಳಸುವ ಕ್ರಿಯಾಪದಗಳು ಹೆಚ್ಚಾಗಿ ಕಾಲಕ್ರಮೇಣ ಸಾಮಾನ್ಯ ನಿಯಮಕ್ಕೆ ಬಂದು ಸೇರಿಕೊಳ್ಳುತ್ತವೆ.

ನಾನು ಮ್ಯಾಡ್ರಿಡ್‌ಗೆ ಬಂದದ್ದು ಕೆಲಸದ ಮೇಲೆ. ಆಫೀಸಿನಲ್ಲಿ ಇಂಗ್ಲಿಷ್ ಸಾಕು. ತರಕಾರಿ ಅಂಗಡಿಯಲ್ಲಿ, ಬಸ್ಸಿನಲ್ಲಿ, ಮನೆಯ ಮೆಟ್ಟಿಲ ಮೇಲೆ ಸಾಕಾಗುವುದಿಲ್ಲ. ಅದಕ್ಕೆ ಸಂಜೆ ತರಗತಿಗೆ ಸೇರಿಕೊಂಡೆ. ಪಠ್ಯಪುಸ್ತಕದ ಕೊನೆಯಲ್ಲಿ ತೆನೇರ್‌ಗೆಂದೇ ಒಂದು ಇಡೀ ಪುಟದ ಕೋಷ್ಟಕ ಇತ್ತು. ನಾನು, ನೀನು, ಅವನು, ನಾವು, ನೀವು, ಅವರು ಅಂತ ಆರು ಸಾಲು. ವರ್ತಮಾನ, ಎರಡು ಬಗೆಯ ಭೂತಕಾಲ, ಭವಿಷ್ಯ, ‘ಹಾಗಾದರೆ ಹೀಗೆ’ ಅನ್ನುವ ಒಂದು ರೂಪ, ಹಾರೈಕೆ ಮತ್ತು ಸಂದೇಹಗಳಿಗೆ ಇನ್ನೆರಡು. ಬಾಯಿಪಾಠ ಮಾಡಿದರೆ ಪರೀಕ್ಷೆಯಲ್ಲಿ ಬರೆಯಬಹುದು. ಮಾತಾಡುವಾಗ ಕೋಷ್ಟಕ ನೋಡಲು ಯಾರೂ ಬಿಡುವುದಿಲ್ಲ. ಪ್ರತಿ ರೂಪ ಎಲ್ಲಿಂದ ಬಂತು ಅಂತ ತಿಳಿದುಕೊಂಡು, ಬಾಯಲ್ಲಿ ಹೇಳಿ ಹೇಳಿ ಕಲಿಯುವುದು ಅಂತ ನಿರ್ಧರಿಸಿದೆ.

ಇದಕ್ಕೆ ನನಗೆ ಅತಿ ಹೆಚ್ಚು ಸಹಾಯ ಮಾಡಿದ್ದು ಕನ್ನಡ ಲಿಪಿ. ಸ್ಪ್ಯಾನಿಷ್‌ನ ಐದು ಸ್ವರಗಳು ನಮ್ಮ ಅ, ಎ, ಇ, ಒ, ಉ ಇದ್ದ ಹಾಗೇ. ಅದರ ತ, ದ ನಮ್ಮ ತ, ದ ಥರವೇ ಹಲ್ಲಿಗೆ ತಾಗುತ್ತವೆ. ಆಞೊಸ್, ಅಂದರೆ ವರ್ಷಗಳು ಅನ್ನುವ ಪದ ಬಂದಾಗ, ವರ್ಣಮಾಲೆ ಹೇಳುವಾಗ ಮಾತ್ರ ನೆನಪಾಗುವ ನಮ್ಮ ಞ ಅಕ್ಷರಕ್ಕೂ ಕೆಲಸ ಸಿಕ್ಕಿತು. ಎರಡು ಸ್ವರಗಳ ನಡುವಿನ ವ ಮಾತ್ರ ಸ್ವಲ್ಪ ಬೇರೆ. ಎರಡು ತುಟಿ ಮುಟ್ಟಿಯೂ ಮುಟ್ಟದ ಹಾಗೆ ಇರಬೇಕು, ಬ ಮತ್ತು ವ ನಡುವೆ. ಪದದ ಮೊದಲಲ್ಲಿ ಅದು ನೇರವಾಗಿ ಬ ಆಗುತ್ತದೆ. ಒತ್ತು ಬೀಳುವ ಜಾಗವನ್ನು ಗುರುತು ಮಾಡಲು ನೋಟ್‌ಬುಕ್ಕಿನಲ್ಲಿ ಅಲ್ಲಿಗೆ ದೀರ್ಘ ಹಾಕಿಕೊಂಡೆ. ಸ್ಪ್ಯಾನಿಷ್‌ನಲ್ಲಿ ಹ್ರಸ್ವ-ದೀರ್ಘದ ಭೇದ ಇಲ್ಲ, ಇದು ನನ್ನ ಅನುಕೂಲಕ್ಕೆ ಮಾಡಿಕೊಂಡ ಗುರುತು. ಇಲ್ಲೂ ಹಾಗೇ ಬರೆದಿದ್ದೇನೆ. ಈ ದೀರ್ಘದ ಗುರುತೇ ಮುಂದೆ ಎಲ್ಲ ಗುಟ್ಟನ್ನೂ ಬಿಡಿಸಿತು.

ಮೊದಲು ವರ್ತಮಾನ. ಎರ್ ಎಂದು ಕೊನೆಯಾಗುವ ಸಾಧು, ಅಂದರೆ ನಿಯಮ ತಪ್ಪದ, ಕ್ರಿಯಾಪದಕ್ಕೆ ಕೊಮೇರ್, ಅಂದರೆ ತಿನ್ನು, ಒಳ್ಳೆಯ ಮಾದರಿ. ಕೋಮೊ, ಕೋಮೆಸ್, ಕೋಮೆ, ಕೊಮೇಮೊಸ್, ಕೊಮೇಯ್ಸ್, ಕೋಮೆನ್. ನಮ್ಮಲ್ಲಿ ‘ತಿನ್ನುತ್ತೇನೆ’ ಅಂದರೆ ‘ನಾನು’ ಅಂತ ಬೇರೆ ಹೇಳಬೇಕಾಗಿಲ್ಲ ಅಲ್ವಾ? ಇಲ್ಲೂ ಹಾಗೆಯೇ. ಬಾಲ ನೋಡಿದರೆ ಯಾರು ಅಂತ ತಿಳಿಯುತ್ತದೆ.

ಈಗ ತೆನೇರ್. ತೆಂಗೊ, ತ್ಯೇನೆಸ್, ತ್ಯೇನೆ, ತೆನೇಮೊಸ್, ತೆನೇಯ್ಸ್, ತ್ಯೇನೆನ್. ಬಾಲಗಳೆಲ್ಲ ಕೊಮೇರ್‌ನ ಬಾಲಗಳೇ. ಬದಲಾಗಿದ್ದು ಬುಡ ಮಾತ್ರ. ತೆಂಗೊ ಅನ್ನುವುದನ್ನು ನೆನಪಿಡಲು ಕನ್ನಡದವರಿಗೆ ಕಷ್ಟವೇ ಇಲ್ಲ, ತೆಂಗು ನಮ್ಮದೇ. ಉಳಿದ ಐದರಲ್ಲಿ ಮೂರು ಕಡೆ ತ್ಯೇ, ಎರಡು ಕಡೆ ತೆ. ಯಾಕೆ ಹೀಗೆ?

ದೀರ್ಘದ ಗುರುತು ನೋಡಿ. ಒತ್ತು ಬುಡದ ಮೇಲೆ ಬಿದ್ದಲ್ಲಿ ತೆ ಒಡೆದು ತ್ಯೇ ಆಗಿದೆ. ಒತ್ತು ಬಾಲಕ್ಕೆ ಜಾರಿದಲ್ಲಿ, ಅಂದರೆ ತೆನೇಮೊಸ್ ಮತ್ತು ತೆನೇಯ್ಸ್‌ನಲ್ಲಿ, ಬುಡ ಹಾಗೇ ಉಳಿದಿದೆ. ಸ್ಪ್ಯಾನಿಷ್‌ನ ತಾಯಿ ಲ್ಯಾಟಿನ್. ಆ ಲ್ಯಾಟಿನ್‌ನ ಹ್ರಸ್ವ ಎ ಮೇಲೆ ಒತ್ತು ಬಿದ್ದಾಗ ಸ್ಪ್ಯಾನಿಷ್‌ನಲ್ಲಿ ಅದು ಯೆ ಆಯಿತು. ಹ್ರಸ್ವ ಒ ಮೇಲೆ ಬಿದ್ದಾಗ ವೆ ಆಯಿತು. ಇದು ಕ್ರಿಯಾಪದಗಳಿಗಷ್ಟೇ ಆದದ್ದಲ್ಲ, ಇಡೀ ಭಾಷೆಗೆ ಆದದ್ದು. ಬಾಗಿಲು ಪ್ವೇರ್ತ. ಬಾಗಿಲು ಕಾಯುವವನು ಪೊರ್ತೇರೊ. ಮ್ಯಾಡ್ರಿಡ್‌ನ ಹಳೆಯ ಕಟ್ಟಡಗಳಲ್ಲಿ ಇವತ್ತಿಗೂ ಪೊರ್ತೇರೊ ಇರುತ್ತಾರೆ, ನಮ್ಮ ಕಟ್ಟಡದಲ್ಲೂ ಇದ್ದಾರೆ. ಒತ್ತು ಮುಂದಕ್ಕೆ ಸರಿದ ಕೂಡಲೇ ಪ್ವೇ ಮತ್ತೆ ಪೊ ಆಯಿತು. ನೆಲ ತ್ಯೇರ್ರ, ಜಮೀನಿನ ತುಂಡು ತೆರ್ರೇನೊ. ಅದೇ ಕಥೆ. ಇದು ಗೊತ್ತಾದ ದಿನ ಬೀದಿಯ ಬೋರ್ಡುಗಳನ್ನೆಲ್ಲ ಓದಿಕೊಂಡು ನಡೆದೆ. ಅಸಾಧು ಅಂತ ಕರೆಯುತ್ತಾರಲ್ಲ, ಅದರೊಳಗೆ ಇಷ್ಟು ನೇರವಾದ ಕಾರಣ ಇದೆ ಅಂದಾಗ ತುಂಬಾ ಸಂತೋಷವಾಯಿತು.

ಇದಕ್ಕೆ ಸಾಕ್ಷಿ ಆಫೀಸಿನಲ್ಲೇ ಸಿಕ್ಕಿತು. ನನ್ನ ಪಕ್ಕದ ಮೇಜಿನ ಸಹೋದ್ಯೋಗಿ ಬ್ಯೂನಸ್ ಐರಿಸ್‌ನವಳು. ಅವಳು ‘ನಿನ್ನ ಹತ್ತಿರ ಇದೆಯಾ’ ಅನ್ನುವುದಕ್ಕೆ ತ್ಯೇನೆಸ್ ಅನ್ನುವುದಿಲ್ಲ, ತೆನೇಸ್ ಅನ್ನುತ್ತಾಳೆ. ಅರ್ಜೆಂಟೀನಾದಲ್ಲಿ ‘ನೀನು’ ಅನ್ನುವುದಕ್ಕೆ ತೂ ಬದಲು ಬೋಸ್ ಬಳಸುತ್ತಾರೆ, ಅದಕ್ಕೆ ಹೊಂದುವ ರೂಪ ಇದು. ಒತ್ತು ಬಾಲದ ಮೇಲಿದೆ. ಅದಕ್ಕೇ ಬುಡ ಒಡೆದಿಲ್ಲ. ನಿಯಮ ಅಟ್ಲಾಂಟಿಕ್ ದಾಟಿ ಹೋದರೂ ಮುರಿದಿಲ್ಲ. ತೆನೇಯ್ಸ್ ಅನ್ನುವುದನ್ನಂತೂ ಅವಳು ಬಳಸುವುದೇ ಇಲ್ಲ. ಲ್ಯಾಟಿನ್ ಅಮೆರಿಕದಲ್ಲಿ ಗೆಳೆಯರ ಗುಂಪಿಗೂ ಉಸ್ತೇದೆಸ್ ಅನ್ನುತ್ತಾರೆ, ಅದಕ್ಕೆ ತ್ಯೇನೆನ್ ಸಾಕು. ಮ್ಯಾಡ್ರಿಡ್‌ನಲ್ಲಿ ಇರುವವರಿಗೆ ಆರೂ ಸಾಲು ಬೇಕು.

ಮುಂದಿನದು ಮುಗಿದ ಕೆಲಸ ಹೇಳುವ ಭೂತಕಾಲ. ನಾನು ಅತಿ ಹೆಚ್ಚು ಸಮಯ ಕೊಟ್ಟದ್ದು ಇದಕ್ಕೆ. ತೂವೆ, ತುವೀಸ್ತೆ, ತೂವೊ, ತುವೀಮೊಸ್, ತುವೀಸ್ತೆಯ್ಸ್, ತುವ್ಯೇರೊನ್. ತೆನ್ ಎಲ್ಲಿ ಹೋಯಿತು? ಸಾಧು ಕ್ರಿಯಾಪದದಲ್ಲಿ ‘ತಿಂದೆ’ ಅನ್ನುವುದು ಕೊಮೀ, ‘ತಿಂದ’ ಅನ್ನುವುದು ಕೊಮ್ಯೋ. ಎರಡರಲ್ಲೂ ಒತ್ತು ಕೊನೆಗೆ. ತೂವೆ, ತೂವೊಗಳಲ್ಲಿ ಒತ್ತು ಬುಡಕ್ಕೆ. ಲ್ಯಾಟಿನ್‌ನ ತೆನುಯಿ ಜಾಗಕ್ಕೆ ಹಳೆಯ ಸ್ಪ್ಯಾನಿಷ್‌ನಲ್ಲಿ ತೋವೆ ಬಂತು, ಆಮೇಲೆ ಅದು ತೂವೆ ಆಯಿತು. ಇದು ಒಂಟಿಯಲ್ಲ. ಪೊದೇರ್‌ಗೆ (ಸಾಧ್ಯವಾಗು) ಪೂದೆ, ಪೊನೇರ್‌ಗೆ (ಇಡು) ಪೂಸೆ, ಸಬೇರ್‌ಗೆ (ಗೊತ್ತಿರು) ಸೂಪೆ, ಕೆರೇರ್‌ಗೆ (ಬಯಸು) ಕೀಸೆ, ಬೆನೀರ್‌ಗೆ (ಬಾ) ಬೀನೆ. ಎಲ್ಲದರ ಬುಡವೂ ಬದಲು, ಎಲ್ಲದರ ಬಾಲವೂ ಒಂದೇ. ಎಸ್ತಾರ್ (ಇರು) ಮತ್ತು ಅಂದಾರ್ (ನಡೆ) ಮೂಲದಲ್ಲಿ ಈ ಗುಂಪಿನವಲ್ಲ. ತೂವೆಯ ರಾಗ ಕೇಳಿ ಕೇಳಿ ಅವೂ ಎಸ್ತೂವೆ, ಅಂದೂವೆ ಆದವು. ಇವತ್ತು ಅಂದೂವೆ ಅನ್ನದೆ ಸಾಧು ನಿಯಮದಂತೆ ಅಂದೇ ಅನ್ನುವ ದೊಡ್ಡವರೂ ಸ್ಪೇನ್‌ನಲ್ಲಿದ್ದಾರೆ. ಸಣ್ಣ ಮಕ್ಕಳಂತೂ ‘ಗೊತ್ತು’ ಅನ್ನಲು ಸೇ ಬದಲು ಸಾಬೊ ಅನ್ನುತ್ತಾರೆ. ಭಾಷೆ ಇನ್ನೂ ಎರಡು ಕಡೆ ಎಳೆದಾಡುತ್ತಲೇ ಇದೆ.

ಇಲ್ಲಿ ನನಗೆ ದಾರಿ ತೋರಿಸಿದ್ದು ಕನ್ನಡ. ‘ನಿಲ್ಲು’ ಭೂತಕಾಲದಲ್ಲಿ ಏನಾಗುತ್ತದೆ? ನಿಂತೆ, ನಿಂತ, ನಿಂತಳು, ನಿಂತರು. ‘ಕೊಡು’ ಕೊಟ್ಟೆ ಆಗುತ್ತದೆ. ‘ಬೀಳು’ ಬಿದ್ದೆ, ‘ಏಳು’ ಎದ್ದೆ, ‘ಸೋಲು’ ಸೋತೆ. ನಾವು ಇದನ್ನು ಯಾವತ್ತೂ ಕೋಷ್ಟಕ ಹಾಕಿ ಕಲಿಯಲಿಲ್ಲ. ‘ನಿಂತ’ ಅನ್ನುವ ಬುಡ ಒಮ್ಮೆ ಸಿಕ್ಕಿದ ಮೇಲೆ ಬಾಲ ತಾನಾಗಿ ಬಂತು. ತೂವ್ ಅನ್ನುವುದನ್ನು ಇದೇ ಕಣ್ಣಿನಿಂದ ನೋಡಿದೆ. ಆರು ರೂಪ ಕಲಿಯಬೇಕಾಗಿಲ್ಲ. ಒಂದು ಬುಡ, ಆಮೇಲೆ ಆ ಇಡೀ ಗುಂಪಿಗೆ ಹೊಂದುವ ಒಂದೇ ಸಾಲು ಬಾಲ. ಮೆಟ್ರೋಗೆ ನಡೆಯುವಾಗ ತೂವೆ, ಎಸ್ತೂವೆ, ಪೂದೆ, ಪೂಸೆ, ಸೂಪೆ ಅಂತ ‘ನಾನು’ ರೂಪಗಳನ್ನು ಒಟ್ಟಿಗೆ ಹೇಳುತ್ತಿದ್ದೆ. ವಾಪಸ್ ಬರುವಾಗ ತೂವೊ, ಎಸ್ತೂವೊ, ಪೂದೊ, ಪೂಸೊ, ಸೂಪೊ. ಕೋಷ್ಟಕವನ್ನು ಉದ್ದಕ್ಕೆ ಓದುವ ಬದಲು ಹೀಗೆ ಅಡ್ಡಕ್ಕೆ ಓದುವುದು ನನ್ನ ಪ್ರಕಾರ ಎಷ್ಟೋ ಮೇಲು. ಕಿವಿಗೆ ಒಂದೇ ತಾಳ ಕೂರುತ್ತದೆ.

ಇನ್ನೊಂದು ಭೂತಕಾಲ ಇದೆ. ತೆನೀಯ, ತೆನೀಯಸ್, ತೆನೀಯ, ತೆನೀಯಮೊಸ್, ತೆನೀಯಯ್ಸ್, ತೆನೀಯನ್. ರೂಪದಲ್ಲಿ ಪೂರ್ತಿ ಸಾಧು. ಇಡೀ ಸ್ಪ್ಯಾನಿಷ್‌ನಲ್ಲಿ ಈ ಕಾಲದಲ್ಲಿ ದಾರಿ ತಪ್ಪುವ ಕ್ರಿಯಾಪದಗಳು ಮೂರೇ: ಸೇರ್ (ಆಗಿರು), ಇರ್ (ಹೋಗು), ಬೇರ್ (ನೋಡು). ತೆನೇರ್ ಆ ಮೂರರಲ್ಲಿ ಇಲ್ಲ. ರೂಪ ಸುಲಭ, ಆದರೆ ತೂವೆ ಎಲ್ಲಿ, ತೆನೀಯ ಎಲ್ಲಿ ಅನ್ನುವುದು ಬೇರೆ ವಿಷಯ.

ಅದನ್ನು ನನಗೆ ಕಲಿಸಿದವರು ಎದುರು ಮನೆಯ ಅಜ್ಜಿ. ಅವರ ಊರು ಸಮೋರ ಪ್ರಾಂತ್ಯದ ಒಂದು ಹಳ್ಳಿ. 1950, 60ರ ದಶಕಗಳಲ್ಲಿ ಕಾಸ್ತೀಯ ಸೀಮೆಯ ಹಳ್ಳಿಗಳಿಂದ ಅಸಂಖ್ಯ ಜನ ಮ್ಯಾಡ್ರಿಡ್‌ಗೆ, ಬಾರ್ಸಿಲೋನಾಗೆ, ಬಿಲ್ಬಾವೊಗೆ ಕೆಲಸ ಹುಡುಕಿ ಬಂದರು. ಇವರೂ ಹಾಗೆ ಬಂದವರೇ. ಲಿಫ್ಟ್ ಇಲ್ಲದ ಕಟ್ಟಡ ನಮ್ಮದು. ಅವರ ಚೀಲ ಹಿಡಿದುಕೊಂಡು ಮೆಟ್ಟಿಲು ಹತ್ತುವಾಗ ಪ್ರತಿ ಮಹಡಿಗೂ ನಿಂತು ಒಂದೊಂದು ಮಾತು ಹೇಳುತ್ತಾರೆ. ಒಂದು ಸಂಜೆ ಮನೆಯ ಸುದ್ದಿ ಬಂತು. ‘ತೆನೀಯಮೊಸ್ ದೋಸ್ ಬಾಕಸ್ ಇ ಉನ್ ಬೂರ್ರೊ’ ಅಂದರು. ನಮ್ಮ ಹತ್ತಿರ ಎರಡು ಹಸು, ಒಂದು ಕತ್ತೆ ಇದ್ದವು. ಇನ್ನೊಂದು ಮಹಡಿ ಹತ್ತಿ ಉಸಿರು ತೆಗೆದುಕೊಂಡು ಮುಂದುವರಿಸಿದರು: ಅಪ್ಪ ತೀರಿಕೊಂಡರು, ‘ತುವೀಮೊಸ್ ಕೆ ಬೆಂದೇರ್ ಲಾಸ್ ಬಾಕಸ್’. ಹಸುಗಳನ್ನು ಮಾರಬೇಕಾಗಿ ಬಂತು.

ಒಂದೇ ಕ್ರಿಯಾಪದ, ಎರಡು ರೂಪ, ನಡುವೆ ಒಂದು ಮಹಡಿ. ತೆನೀಯಮೊಸ್ ಅಂದಾಗ ಆ ಬದುಕು ಹಾಗೇ ನಡೆಯುತ್ತಿತ್ತು, ಶುರು ಯಾವಾಗ, ಕೊನೆ ಯಾವಾಗ ಅನ್ನುವ ಪ್ರಶ್ನೆಯೇ ಇಲ್ಲ. ತುವೀಮೊಸ್ ಅಂದಾಗ ಒಂದು ಘಟನೆ ಆಯಿತು, ಮುಗಿಯಿತು. ತೆನೀಯಮೊಸ್ ಕೆ ಬೆಂದೇರ್ ಅಂದಿದ್ದರೆ ‘ಮಾರಬೇಕಿತ್ತು’ ಅಂತ ಆಗುತ್ತಿತ್ತು. ಮಾರಿದರೋ ಬಿಟ್ಟರೋ, ಅದು ಹೇಳುವುದಿಲ್ಲ. ತುವೀಮೊಸ್ ಕೆ ಅಂದ ಮೇಲೆ ಸಂದೇಹ ಇಲ್ಲ, ಮಾರಿಯೇ ಆಯಿತು. ಕನ್ನಡದಲ್ಲಿ ‘ಮಾರಬೇಕಿತ್ತು’ ಮತ್ತು ‘ಮಾರಬೇಕಾಗಿ ಬಂತು’ ಅಂತ ನಾವು ಮಾಡುವ ವ್ಯತ್ಯಾಸಕ್ಕೆ ಇದು ತುಂಬಾ ಹತ್ತಿರ. ಆಮೇಲೆ ನಾನು ಅಜ್ಜಿಯ ಮಾತನ್ನೇ ಇಟ್ಟುಕೊಂಡು ಸಾಲು ಬದಲಿಸಿ ಹೇಳಿಕೊಳ್ಳುತ್ತಿದ್ದೆ. ತೆನೀಯ ಬಾಕಸ್, ತೂವೆ ಕೆ ಬೆಂದೇರ್. ತೆನೀಯನ್ ಬಾಕಸ್, ತುವ್ಯೇರೊನ್ ಕೆ ಬೆಂದೇರ್. ಕೋಷ್ಟಕದ ಖಾಲಿ ರೂಪಗಳಿಗಿಂತ ಒಬ್ಬರ ಬದುಕಿನ ವಾಕ್ಯ ನೆನಪಿನಲ್ಲಿ ಗಟ್ಟಿಯಾಗಿ ನಿಲ್ಲುತ್ತದೆ.

ಎ ತೆನೀದೊ, ಅಂದರೆ ‘ಇವತ್ತು ಇಂಥದ್ದು ಆಗಿದೆ’ ಅನ್ನುವ ರೂಪದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ತೆನೀದೊ ಸಾಧು. ಇವತ್ತು ಮೀಟಿಂಗ್ ಇತ್ತು ಅನ್ನಲು ಮ್ಯಾಡ್ರಿಡ್‌ನವರು ಎ ತೆನೀದೊ ಅನ್ನುತ್ತಾರೆ, ನನ್ನ ಅರ್ಜೆಂಟೀನಾ ಗೆಳತಿ ತೂವೆ ಅನ್ನುತ್ತಾಳೆ. ಎರಡೂ ಸರಿ.

ಭವಿಷ್ಯಕ್ಕೆ ಬಂದರೆ ಮೂರನೇ ಬುಡ. ತೆಂದ್ರೇ, ತೆಂದ್ರಾಸ್, ತೆಂದ್ರಾ, ತೆಂದ್ರೇಮೊಸ್, ತೆಂದ್ರೇಯ್ಸ್, ತೆಂದ್ರಾನ್. ಈ ದ ಎಲ್ಲಿಂದ ಬಂತು? ಸ್ಪ್ಯಾನಿಷ್‌ನ ಭವಿಷ್ಯತ್ಕಾಲ ನಿಜವಾಗಿ ಎರಡು ಪದಗಳ ಜೋಡಣೆ. ಕ್ರಿಯಾಪದದ ಮೂಲರೂಪಕ್ಕೆ ಅಬೇರ್ ಎಂಬ ಸಹಾಯಕ ಕ್ರಿಯಾಪದದ ವರ್ತಮಾನ ರೂಪ ಅಂಟಿಕೊಂಡಿದೆ. ಎ, ಅಸ್, ಅ, ಎಮೊಸ್, ಅನ್ ಎಲ್ಲ ಬಾಲದಲ್ಲಿ ಕಾಣುತ್ತವೆ. ಅಂತೋನಿಯೊ ದೆ ನೆಬ್ರೀಹ 1492ರಲ್ಲಿ ಸಲಮಾಂಕದಲ್ಲಿ ಅಚ್ಚಾದ ತನ್ನ ಕಾಸ್ತೀಯ, ಅಂದರೆ ಸ್ಪ್ಯಾನಿಷ್, ಭಾಷೆಯ ವ್ಯಾಕರಣದಲ್ಲೇ ಇದನ್ನು ಗುರುತಿಸಿದ್ದ. ತೆನೇರ್ ಜೊತೆ ಎ ಸೇರಿದಾಗ ಒತ್ತು ಕೊನೆಗೆ ಹೋಯಿತು, ನಡುವಿನ ಎ ಸವೆದು ಬಿದ್ದುಹೋಯಿತು. ಉಳಿದದ್ದು ತೆನ್‌ರೇ. ಇದನ್ನು ಬೇಗ ಬೇಗ ನಾಲ್ಕು ಸಲ ಹೇಳಿ ನೋಡಿ. ನ್ ಮುಗಿಸಿ ರ ಹಿಡಿಯುವಷ್ಟರಲ್ಲಿ ನಾಲಿಗೆ ತಾನಾಗಿಯೇ ಒಂದು ದ ಹಾಕುತ್ತದೆ. ಅಷ್ಟೇ ವಿಷಯ. ಪೊನೇರ್ ಪೊಂದ್ರೇ ಆದದ್ದೂ, ಸಲೀರ್ (ಹೊರಗೆ ಹೋಗು) ಸಲ್ದ್ರೇ ಆದದ್ದೂ ಹೀಗೆಯೇ. ಬೆನೀರ್, ಅಂದರೆ ಬಾ, ಅದರ ಭವಿಷ್ಯ ಬೆಂದ್ರೇ. ‘ಬರುತ್ತೇನೆ’ ಅನ್ನಲು ಬೆಂದ್ರೇ ಅನ್ನಬೇಕು ಅಂದಾಗ ಧಾರವಾಡದ ಕಡೆಯ ಯಾರಿಗಾದರೂ ಮುಖ ಅರಳದೆ ಇರುತ್ತದಾ?

ಈ ರೂಪ ಬರೀ ನಾಳೆಗಷ್ಟೇ ಅಲ್ಲ, ಊಹೆಗೂ ಬಳಕೆಯಾಗುತ್ತದೆ. ತೆಂದ್ರಾ ಕ್ವರೆಂತ ಆಞೊಸ್ ಅಂದರೆ ‘ಅವನಿಗೆ ಈಗ ನಲವತ್ತು ಇದ್ದೀತು’. ನಮ್ಮ ‘ಇದ್ದೀತು’, ‘ಬಂದೀತು’, ‘ಆದೀತು’ ಇರುವಷ್ಟು ಕಾಲ ಕನ್ನಡದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ತರಗತಿಯಲ್ಲಿ ಬೇರೆಯವರು ಇದಕ್ಕೆ ತಲೆ ಕೆಡಿಸಿಕೊಳ್ಳುತ್ತಿದ್ದಾಗ ನಾನು ಸುಮ್ನೆ ನೋಟ್‌ಬುಕ್ಕಿನ ಅಂಚಿನಲ್ಲಿ ‘ಇದ್ದೀತು’ ಅಂತ ಒಂದು ಪದ ಬರೆದೆ, ಮುಗಿಯಿತು. ಇದೇ ಬುಡಕ್ಕೆ ಈಯ ಸೇರಿಸಿದರೆ ತೆಂದ್ರೀಯ. ‘ಆದರೆ ಇರುತ್ತಿತ್ತು’ ಅನ್ನುವ ಅರ್ಥ. ತೆಂದ್ರೀಯಸ್ ಕೆ ಬೇರ್ಲೊ ಅಂದರೆ ‘ನೀನು ಅದನ್ನು ನೋಡಬೇಕು’ ಅಂತ ಮೆತ್ತಗೆ ಹೇಳುವ ಸಲಹೆ.

ಇನ್ನು ಹಾರೈಕೆಯ ರೂಪ. ಬೀದಿಯ ತುದಿಯ ಹಣ್ಣಿನಂಗಡಿಯವನು ಚಿಲ್ಲರೆ ಕೊಡುವಾಗ ಎಲ್ಲರಿಗೂ ‘ಕೆ ತೆಂಗಸ್ ಬ್ವೇನ್ ದೀಯ’ ಅನ್ನುತ್ತಾನೆ. ದಿನ ಚೆನ್ನಾಗಿರಲಿ ಅಂತ. ತೆಂಗೊದಿಂದ ಒ ಕಿತ್ತು ಅ ಹಾಕಿದರೆ ತೆಂಗ, ತೆಂಗಸ್, ತೆಂಗ, ತೆಂಗಾಮೊಸ್, ತೆಂಗಾಯ್ಸ್, ತೆಂಗನ್. ಮೊದಲ ಬುಡ ಇಲ್ಲಿ ಮತ್ತೆ ಕೈಗೆ ಬಂತು. ‘ಹೆದರಬೇಡ’ ಅನ್ನುವುದೂ ಇದರಲ್ಲೇ: ನೋ ತೆಂಗಸ್ ಮ್ಯೇದೊ. ‘ಹುಷಾರು’ ಅನ್ನುವಾಗ ಮಾತ್ರ ಎಲ್ಲ ಬಾಲ ಬಿಟ್ಟು ತೆನ್ ಅಷ್ಟೇ ಉಳಿಯುತ್ತದೆ: ತೆನ್ ಕ್ವಿದಾದೊ.

ಕೊನೆಯದು ‘ಇದ್ದಿದ್ದರೆ’ ಅನ್ನುವ ರೂಪ. ಎಲ್ಲರೂ ಕಷ್ಟ ಕಷ್ಟ ಅಂತ ಹೆದರಿಸಿದ್ದರು. ನನಗೆ ಇದೇ ಎಲ್ಲಕ್ಕಿಂತ ಹತ್ತಿರದ್ದು ಅನ್ನಿಸಿತು. ಸಿ ತುವ್ಯೇರ ತ್ಯೇಂಪೊ, ಅಂದರೆ ಸಮಯ ಇದ್ದಿದ್ದರೆ. ತುವ್ಯೇರೊನ್ ತೆಗೆದುಕೊಳ್ಳಿ, ರೊನ್ ಬಿಡಿ, ರ ಹಾಕಿ. ರ ಬದಲು ಸೆ ಹಾಕಿ ತುವ್ಯೇಸೆ ಅಂದರೂ ನಡೆಯುತ್ತದೆ. ಮಾತು ಇವತ್ತಿನದು, ಆಗದೆ ಇರುವುದು, ಆದರೂ ಬುಡ ಭೂತಕಾಲದ್ದು. ವಿಚಿತ್ರ ಅನ್ನಿಸುತ್ತದಾ? ಕನ್ನಡದಲ್ಲಿ ‘ನಾಳೆ ಮಳೆ ಬಂದರೆ’ ಅನ್ನುತ್ತೇವೆ. ನಾಳೆಯ ಮಾತಿಗೆ ‘ಬಂದ’ ಅನ್ನುವ ಭೂತಕಾಲದ ಬುಡ ಯಾಕೆ? ‘ಬರು’ ಇಂದ ಬಂದರೆ, ‘ನಿಲ್ಲು’ ಇಂದ ನಿಂತರೆ, ‘ಕೊಡು’ ಇಂದ ಕೊಟ್ಟರೆ. ಇನ್ನೂ ಆಗದ್ದನ್ನು ಹೇಳಲು ನಾವೂ ಆಗಿಹೋದ ಕಾಲದ ಬುಡವನ್ನೇ ಎತ್ತಿಕೊಳ್ಳುತ್ತೇವೆ. ಎರಡು ಭಾಷೆಗಳಿಗೂ ನೆಂಟಸ್ತಿಕೆ ಏನೂ ಇಲ್ಲ, ಒಂದು ದ್ರಾವಿಡ, ಇನ್ನೊಂದು ಲ್ಯಾಟಿನ್‌ನ ಮಗಳು. ಆದರೂ ಈ ಒಂದು ಜಾಗದಲ್ಲಿ ಇಬ್ಬರೂ ಒಂದೇ ದಾರಿ ಹಿಡಿದಿದ್ದಾರೆ. ಅದು ಹೊಳೆದ ಮೇಲೆ ತುವ್ಯೇರ, ಪುದ್ಯೇರ, ಸುಪ್ಯೇರ, ಎಸ್ತುವ್ಯೇರ ಎಲ್ಲ ಹುಡುಕದೆ ಬಾಯಿಗೆ ಬಂದವು.

ಹೀಗೆ ಆ ಇಡೀ ಪುಟ ಮೂರು ಬುಡಕ್ಕೆ ಇಳಿಯಿತು: ತೆಂಗ್, ತೂವ್, ತೆಂದ್ರ್. ಉಳಿದದ್ದೆಲ್ಲ ತೆನ್, ಒತ್ತು ಬಿದ್ದಲ್ಲಿ ತ್ಯೇನ್. ಕಲಿಸುವವರು ಮೊದಲ ದಿನವೇ ಈ ಮೂರನ್ನು ಬೋರ್ಡಿನ ಮೇಲೆ ಬರೆದುಬಿಟ್ಟರೆ ಎಷ್ಟು ಚೆನ್ನ ಅಂತ ನನಗೆ ಬಲವಾಗಿ ಅನ್ನಿಸುತ್ತದೆ.

ಇದರ ಲಾಭ ಪತ್ರಿಕೆ ಓದುವಾಗ ಕಂಡಿತು. ತೆನೇರ್‌ಗೆ ದೊಡ್ಡ ಸಂಸಾರ ಇದೆ. ದೆತೆನೇರ್ ಅಂದರೆ ಬಂಧಿಸು, ಒಬ್ತೆನೇರ್ ಅಂದರೆ ಪಡೆ, ಮಂತೆನೇರ್ ಅಂದರೆ ಉಳಿಸಿಕೊ. ಪೊಲೀಸರು ದೆತೂವೊ, ಓಟಗಾರ್ತಿ ಪದಕ ಒಬ್ತೂವೊ, ಸರ್ಕಾರ ತನ್ನ ನಿಲುವು ಮಂತೂವೊ. ಯಾವ ಹೊಸ ಕೋಷ್ಟಕವೂ ಬೇಡ. ಮೊದಲು ಕಪ್ಪು ಸಾಲುಗಳಂತೆ ಕಾಣುತ್ತಿದ್ದ ಸುದ್ದಿಯಲ್ಲಿ ಯಾರು ಏನು ಮಾಡಿದರು ಅನ್ನುವುದು ಎದ್ದು ಕಾಣತೊಡಗಿತು.

ಈಗ ಇರ್ ಹಿಡಿದುಕೊಂಡಿದ್ದೇನೆ, ‘ಹೋಗು’. ಅದು ಬೇರೆಯದೇ ಜಾತಿ. ಹೋಗುತ್ತೇನೆ ಅನ್ನುವುದು ಬೋಯ್, ಹೋಗುತ್ತಿದ್ದೆ ಅನ್ನುವುದು ಈವ, ಹೋದೆ ಅನ್ನುವುದು ಫ್ವೀ. ಬುಡ ಬದಲಾಗಿದ್ದಲ್ಲ, ಲ್ಯಾಟಿನ್‌ನ ಮೂರು ಬೇರೆ ಬೇರೆ ಕ್ರಿಯಾಪದಗಳು ಒಂದೇ ಮನೆಗೆ ಬಂದು ಸೇರಿವೆ. ಫ್ವೀ ಅಂತೂ ಸೇರ್, ಅಂದರೆ ‘ಆಗಿರು’ ಅನ್ನುವುದಕ್ಕೂ ಭೂತಕಾಲ. ಫ್ವೇ ಮೇದಿಕೊ ಅಂದರೆ ಅವನು ಡಾಕ್ಟರ್ ಆಗಿದ್ದ. ಫ್ವೇ ಅ ಕಾಸ ಅಂದರೆ ಮನೆಗೆ ಹೋದ. ಇಲ್ಲಿ ಒತ್ತಿನ ಗುರುತು ಏನೂ ಹೇಳುವುದಿಲ್ಲ, ಮುಂದಿನ ಪದ ಕೇಳುವ ತನಕ ಕಾಯಬೇಕು. ಅಜ್ಜಿಯ ಮಾತು ಕೇಳುವಾಗ ಈಗ ಅದನ್ನೇ ಗಮನಿಸುತ್ತಿದ್ದೇನೆ.